ಕದಲಿಸದ ತಟ್ಟೆ

ಎಂಜಿನ್ನಿನ ಸದ್ದು ಅಡುಗೆಮನೆಯ ಗಾಜಿಗೆ ತಾಗಿ ಲೋಟಗಳನ್ನು ಸಣ್ಣಗೆ ಅದುರಿಸುತ್ತಿದೆ, ಪ್ರಾಣೇಶ ಹೊರಟ, ಗುಡ್ಡದ ಮೇಲೆ ಬಿದ್ದಿರುವ ಮೇಪಲ್ ಮರವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಮೇಲೇ ತಿಂಡಿಯಂತೆ, ಅರ್ಪಿತಾ ಕಾಫಿಗೆ ಹಾಲಿಡುತ್ತಾಳೆ, ಹಾಲಿನ ಮೇಲೂ ಅದೇ ಅದುರು, ಬಳೆ ಬಳೆಯಾಗಿ — ನಿನ್ನೆ ಆಯುಧಪೂಜೆ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದರು, ಮೂರು ಪಚಕ್ಕೆಂದು ಒಡೆದವು, ನಾಲ್ಕನೆಯದು ಚಕ್ರದಡಿಯಿಂದ ಜಾರಿ ಇಳಿಜಾರಿನಲ್ಲಿ ಉರುಳಿತು, ಉರುಳುತ್ತಲೇ ಹೋಯಿತು, ಹಳದಿಯಾಗಿ, ಒಡೆಯದೆ. ಅದಕ್ಕೂ ನನ್ ಹಾಗೆ ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡ್ಬೇಕೇನೋ, ಬಿಡು ಅರ್ಪಿ, ಎಂದು ಅವನು ನಕ್ಕ, ಅವಳೂ ನಕ್ಕಳು, ನಗಬಾರದಿತ್ತು. ಎಡಿಸನ್ ಪಟ್ಟಣದ ಅಪಾರ್ಟ್‌ಮೆಂಟು ಬಿಟ್ಟು ಸಸೆಕ್ಸ್ ಕೌಂಟಿಯ ಈ ಏಳೆಕರೆ ಗುಡ್ಡಕ್ಕೆ ಬಂದ ದಿನವೇ ಅವಳಿಗೆ ಅಜ್ಜಿಯ ಕಥೆ ನೆನಪಾಗಿತ್ತು, ಗುಡ್ಡ ಅಂದ್ರೆ ಮಲಗಿರೋ ರಕ್ಕಸ ಕಣೇ, ನೇರ ಹತ್ತಿ ನೇರ ಇಳಿದ್ರೆ ಅವನಿಗೆ ಇರುವೆ ಹರಿದ ಹಾಗೆ, ಪಕ್ಕೆಲುಬಿನ ಮೇಲೆ ಅಡ್ಡ ನಡೆದ್ರೆ ಮಗ್ಗುಲು ಬದಲಿಸ್ತಾನೆ — ವಿಚಿತ್ರವೆಂದರೆ ಟೋನಿಯೂ ಅದನ್ನೇ ಹೇಳಿದ್ದ, ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡಿ ಮಾರುವ, ಬೆರಳಿಗೆಲ್ಲ ಗ್ರೀಸು ಮೆತ್ತಿಕೊಂಡ ಟೋನಿ, ಇಳಿಜಾರಿನಲ್ಲಿ ಅಡ್ಡ ಓಡಿಸಬೇಡಿ ಎಂದು. ಅವನ ಅಂಗಳದಲ್ಲಿ ಅವಳ ಕಣ್ಣು ಹೋದದ್ದು ಕೆಂಪು ಗಾಡಿಯ ಮೇಲೆ, ಮುಂದಿನ ಎರಡು ಚಕ್ರ ಒಂದಕ್ಕೊಂದು ಅಂಟಿಕೊಂಡು ಜಾತ್ರೆಯ ಆಟಿಕೆಯ ಹಾಗಿತ್ತು, ಅದು ಮೂರು ಕಾಲಿನ ಸ್ಟೂಲು, ಚಪ್ಪಟೆ ನೆಲಕ್ಕೆ ಸರಿ, ನಿಮ್ಮ ಗುಡ್ಡಕ್ಕಲ್ಲ ಎಂದು ಅವನು ಇವರನ್ನು ನೀಲಿಯದರ ಹತ್ತಿರ ಕರೆದುಕೊಂಡು ಹೋದ, ಚಕ್ರಗಳು ಅಗಲಕ್ಕೆ ಕೂತಿದ್ದವು, ಬ್ರೇಕು ಹೊಸದು, ವಯಸ್ಸು ಮಾತ್ರ ಪ್ರಾಣೇಶನಿಗಿಂತ ಹತ್ತು ವರ್ಷ ಹೆಚ್ಚು. ಸೀಟಿನ ಹಿಂದೆ ತಲೆಗಿಂತ ಎತ್ತರಕ್ಕೆ ಕಬ್ಬಿಣದ ಕಮಾನೊಂದನ್ನು ತಾನೇ ಕೂರಿಸಿಕೊಟ್ಟ, ಗಾಡಿ ಮಗುಚಿದರೆ ಈ ಕಮಾನು ನೆಲಕ್ಕೆ ಆತು ನಿಲ್ಲುತ್ತದೆ, ಬೆಲ್ಟು ನಿಮ್ಮನ್ನು ಅದರ ನೆರಳಿನಲ್ಲೇ ಹಿಡಿದಿಡುತ್ತದೆ, ತಗ್ಗು ಬಾಗಿಲಲ್ಲಿ ನುಗ್ಗಬೇಕಾದರೆ ಈ ಎರಡು ಪಿನ್ನು ಕಿತ್ತು ಮಡಚಿ, ಆದರೆ ಮಡಚಿದಾಗ ಬೆಲ್ಟು ಹಾಕಲೇಬೇಡಿ, ಆಗ ಗಾಡಿಯ ಅಡಿಗೆ ನಿಮ್ಮನ್ನು ಕಟ್ಟಿ ಕೊಡುವುದೇ ಆ ಬೆಲ್ಟು. ಅವಳು ಅರ್ಧವೇ ಕೇಳಿಸಿಕೊಂಡಳು, ಬೆಲ್ಟಿನ ಅರ್ಧ, ಮನೆಗೆ ಬಂದು ಗಂಡನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದಳು, ಬೆಲ್ಟ್ ಹಾಕದೆ ಹತ್ತಲ್ಲ ಅಂತ ಹೇಳು, ಆಯ್ತಮ್ಮಾ ತಾಯಿ, ಹಾಕದೆ ಹತ್ತಲ್ಲ.

ಇವತ್ತೂ ಹಾಕಿಕೊಂಡಿರುತ್ತಾನೆ. ಹಾಲು ಇನ್ನೂ ಕಾಯಬೇಕು, ಅಷ್ಟರಲ್ಲಿ ದೇವರನ್ನು ಕದಲಿಸಿಬಿಡೋಣ, ಕದಲಿಸದೆ ಪೂಜೆಗಿಟ್ಟಿದ್ದನ್ನ ಮುಟ್ಟಬಾರದು, ಅಜ್ಜಿಯಂತೂ ಪುಸ್ತಕ, ಕತ್ತರಿ, ಈಳಿಗೆಮಣೆ, ಯಾವುದನ್ನೂ ಮುಟ್ಟಗೊಡುತ್ತಿರಲಿಲ್ಲ, ಮಲಗಿವೆ, ಏಳಿಸಬೇಡ — ತಟ್ಟೆಯಲ್ಲಿ ಅಕ್ಷತೆ, ಚೆಂಡುಹೂವು, ಸ್ಪ್ಯಾನರ್, ಕತ್ತರಿ, ಕುಂಕುಮ ಹಚ್ಚಿಸಿಕೊಂಡು ಜೋಡಿ ಮಲಗಿದ ಎರಡು ಪಿನ್ನು, ಬೆರಳಷ್ಟು ದಪ್ಪ. ಪಿನ್ನು. ಗ್ಯಾರೇಜಿನ ಬಾಗಿಲು ತಗ್ಗು, ಪೂಜೆ ಪೂರ್ವಕ್ಕಿರುವ ಆ ಗ್ಯಾರೇಜಿನೊಳಗೇ ಆಗಬೇಕು ಎಂದು ಹಟ ಮಾಡಿದವಳು ಅವಳೇ, ಈ ಪಿನ್ನು ಕಿತ್ತು ಕಮಾನು ಮಡಚಿಸಿದವಳೂ ಅವಳೇ, ಕಬ್ಬಿಣವಲ್ಲವೇ ಇದೂ ಎಂದು ತಟ್ಟೆಗಿಟ್ಟವಳು, ಬೋಳಾಗಿ ಕಾಣುತ್ತದೆಂದು ಕಮಾನಿನ ಜಾಗದಲ್ಲಿ ಎಡಿಸನ್ ಅಂಗಡಿಯ ಎರಡು ಬಾಳೆಕಂದು ನೆಟ್ಟಗೆ ಕಟ್ಟಿದವಳು, ಬೆಳಿಗ್ಗೆ ಅವನು ಹಿಂದೆ ತಿರುಗಿ ನೋಡಿದ್ದರೂ ಕಂಡದ್ದು ಬಾಳೆ, ಹೂವು, ಮಡಚಿದ್ದು ಮರೆತು ಎಲ್ಲ ನೆಟ್ಟಗೇ ಇದೆ ಅಂದುಕೊಂಡಿರುತ್ತಾನೆ, ತಲೆಯ ಹಿಂದೆ ನಿಂತಿರುವುದು ಬರೀ ನೀರು ತುಂಬಿದ ಬಾಳೆ, ಸೊಂಟಕ್ಕೆ ಬೆಲ್ಟು, ಅವಳ ತಲೆಯ ಮೇಲಿನ ಆಣೆ — ಹಾಲು ಉಕ್ಕಿ ಒಲೆಯ ಮೇಲೆ ಸುಯ್ಯೆಂದಿತು, ಉಕ್ಕಲಿ, ಪಿನ್ನು ಮುಷ್ಟಿಯಲ್ಲಿ, ಬರಿಗಾಲು, ಒದ್ದೆ ಎಲೆಗಳು, ರಾತ್ರಿಯೆಲ್ಲ ಮಳೆ ಹೊಡೆದು ಕೆಂಪೆಲೆಗಳು ಎಣ್ಣೆಯ ಹಾಗೆ ಜಾರುತ್ತಿವೆ, ಅಲ್ಲಿದ್ದಾನೆ, ನೇರ ಇಳಿಯುತ್ತಿದ್ದಾನೆ, ಸರಿಯಾಗಿಯೇ ಇಳಿಯುತ್ತಿದ್ದಾನೆ, ಹಿಂದೆ ಮರದ ಬೊಡ್ಡೆ, ಟೋನಿ ಹೇಳಿದಂತೆ ಎಳೆಯುವ ಕೊಂಡಿ ತಗ್ಗಿಗೆ, ಗೇರು ಸಣ್ಣದು, ಹಾಗೇ ಬಾ, ಹಾಗೇ ನೇರ ಬಾ ಎಂದುಕೊಂಡವಳು ದನಿಯೆತ್ತಿ ಕೂಗಿದಳು, ಬೆಲ್ಟ್ ಬಿಚ್ಚು ಪ್ರಾಣೇಶ, ಬೆಲ್ಟ್ ಬಿಚ್ಚು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಅವಳ ಕೈಯಷ್ಟೇ ಕಂಡಿತು. ತಿಂಡಿಗೆ ಕರೆಯುತ್ತಿದ್ದಾಳೆ ಅಂದುಕೊಂಡನೇನೋ, ಕೈ ಬೀಸಿದ, ನಕ್ಕ, ಸ್ಟಿಯರಿಂಗನ್ನು ಅವಳ ಕಡೆಗೆ ತಿರುಗಿಸಿದ, ಅಡ್ಡ, ಪಕ್ಕೆಲುಬಿನ ಮೇಲೆ, ಬೇಡ, ಬರಬೇಡ ಎಂದು ಅವಳು ಇನ್ನೂ ಜೋರಾಗಿ ಕೈಯಾಡಿಸಿದಳು, ಅವನು ಇನ್ನೂ ತಿರುಗಿಸಿದ, ಮೇಲಿನ ಬದಿಯ ದೊಡ್ಡ ಚಕ್ರದ ಅಡಿಯಲ್ಲಿ ಒಂದು ಗೇಣು ಬೆಳಕು ಕಂಡಿತು, ಬಾಳೆಕಂದುಗಳು ಮೆಲ್ಲಗೆ ಆಕಾಶದಿಂದ ಇತ್ತ ಬಾಗಿದವು, ಮುಷ್ಟಿಯಲ್ಲಿ ಪಿನ್ನು ತಣ್ಣಗಿದೆ, ಕುಂಕುಮ ಬೆವರಿಗೆ ಕರಗಿ ಬೆರಳ ಸಂದಿಯಲ್ಲಿ ಇಳಿಯುತ್ತಿದೆ, ಮತ್ತೆ ಆ ನಿಂಬೆಹಣ್ಣು, ಚಕ್ರದಡಿಯಿಂದ ಜಾರಿ, ಹಳದಿಯಾಗಿ, ಉರುಳುತ್ತಿದೆ, ಉರುಳುತ್ತಿದೆ