ಒಂಬತ್ತಂಕಿಯ ಸಂಖ್ಯೆಗೆ ಹಾಕಿದ ಸಹಿ

ಸಂಜೆ ತರಗತಿಯಲ್ಲಿ ಅರೆಬರೆ ಗಣಿತ ಕಲಿತವರು ಸಂಖ್ಯೆಯ ಕತೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮುದ್ರಣಾಲಯದಲ್ಲಿ ಕರಡು ತಿದ್ದುವವಳನ್ನು ಚಿಕ್ಕವರು ದೊಡ್ಡವರೆಲ್ಲ ಕರಡಕ್ಕ ಎಂದೇ ಕರೆಯುತ್ತಿದ್ದರು. ಹಿಂದಿನ ತಿಂಗಳು ಅವಳ ಕಣ್ತಪ್ಪಿನಿಂದ ಒಂದು ಪುಸ್ತಕವೇ ರದ್ದಿಗೆ ಹೋಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೋಮ್ಮ" ಎಂದಿದ್ದರು ಯಜಮಾನರು.

ಅವತ್ತು ಬೆಳಿಗ್ಗೆ ಅಚ್ಚಾಗುತ್ತಿದ್ದುದು ಒಬ್ಬ ಮೇಷ್ಟರ ಗಣಿತದ ಪುಸ್ತಕ. ಒಂದು ಪುಟದಲ್ಲಿ 104729 ಮತ್ತು 7919 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಿತ್ತು: 829384951. ಕರಡಕ್ಕ ತನ್ನ ರೂಢಿಯಂತೆ ಅಂಕಿಗಳನ್ನು ಕೂಡುತ್ತ ಕೂಡುತ್ತ ಒಂದೇ ಅಂಕಿಗೆ ಇಳಿಸಿ ನೋಡಿದ್ದಳು. ಮೊದಲನೆಯದು ಐದಕ್ಕೆ ಇಳಿಯಿತು, ಎರಡನೆಯದು ಎಂಟಕ್ಕೆ. ಐದೆಂಟ್ಲ ನಲವತ್ತು, ಅಂದರೆ ನಾಲ್ಕು. ಗುಣಲಬ್ಧವೂ ನಾಲ್ಕಕ್ಕೇ ಇಳಿಯಿತು. ಸಹಿ ಹಾಕಿ ಕೊಟ್ಟಿದ್ದಳು.

ಎಲ್ಲರೂ ಮಾವ ಎಂದು ಕರೆಯುತ್ತಿದ್ದ ಯಂತ್ರ ಓಡಿಸುವವನು ಬಿಸಿ ಹಾಳೆಯೊಂದನ್ನು ಎತ್ತಿ ಹಿಡಿದು ಛೇಡಿಸಿದ. "ಹಿಂದಿನಿಂದ ಕೂಡಿದ್ರೂ ಅಷ್ಟೇ ಬರುತ್ತಲ್ಲೇ ಕರಡಕ್ಕ! ಇದ್ಯಾವ ಸೀಮೆ ಪರೀಕ್ಷೆ?"

ಅವಳು ಹಾಳೆಯನ್ನು ಅವನ ಕೈಯಿಂದ ಕಸಿದುಕೊಂಡಳು. ಹೌದಲ್ಲ. ಅಂಕಿಗಳು ಅದಲುಬದಲಾಗಿದ್ದರೂ ಮೊತ್ತ ಅಷ್ಟೇ!

ಮೇಜಿಗೆ ಓಡಿದಳು. ಹನ್ನೊಂದರ ಪರೀಕ್ಷೆಯೊಂದನ್ನು ಅವಳು ಹೋಗುತ್ತಿದ್ದ ಸಂಜೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು: ಬಲಗಡೆಯಿಂದ ಒಂದಂಕಿ ಕೂಡಬೇಕು, ಮುಂದಿನದು ಕಳೆಯಬೇಕು, ಹೀಗೇ ಕೊನೆಯವರೆಗೆ. ಮೊದಲನೆಯದಕ್ಕೆ ಒಂಬತ್ತು, ಎರಡನೆಯದಕ್ಕೆ ಹತ್ತು. ಗುಣಿಸಿದರೆ ತೊಂಬತ್ತು, ಹನ್ನೊಂದರಿಂದ ಭಾಗಿಸಿದರೆ ಶೇಷ ಎರಡು. ಅಚ್ಚಾದ ಸಂಖ್ಯೆಗೂ ಎರಡೇ ಉಳಿಯಬೇಕಿತ್ತು; ಇಪ್ಪತ್ತೊಂದು ಬಂತು, ಶೇಷ ಹತ್ತು. ಉದ್ದಕ್ಕೆ ಗುಣಿಸಿದಳು: 829348951. ನಲವತ್ತೆಂಟು ಇರಬೇಕಾದಲ್ಲಿ ಎಂಬತ್ತನಾಲ್ಕು ಕೂತಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಇಂಥ ಸಂಖ್ಯೆಯನ್ನು ಗುಣಿಸಿ ನೋಡುವ ಪುಣ್ಯಾತ್ಮರು ಎಷ್ಟು ಜನ? ಹೇಳಿದರೆ, ಇವತ್ತಿಗೇ ಮನೆ ದಾರಿ. ಯಂತ್ರ ದಡದಡ ಓಡುತ್ತಲೇ ಇತ್ತು.

"ಮಾವ, ನಿಲ್ಲಿಸಿ!"

ಸದ್ದು ನಿಂತಿದ್ದೇ ಯಜಮಾನರು ಹೊರಗೆ ಬಂದರು. "ಏನಾಯ್ತು? ಸಹಿ ನಿಂದೇ ತಾನೇ?"

"ನಂದೇ ಸಾರ್. ತಪ್ಪಾಗಿದೆ. ಅಂಕಿ ಕೂಡಿ ನೋಡಿದ್ದೆ, ಅದಲುಬದಲಾಗಿದ್ದು ಅದ್ರಲ್ಲಿ ಸಿಗ್ಲಿಲ್ಲ."

"ಈಗ ಸರಿ ಅಂತ ಏನು ಗ್ಯಾರಂಟಿ? ನನ್ನೆದುರಿಗೇ ಗುಣಿಸು."

ಅವಳು ಗುಣಿಸಿದಳು. ದಶಕ ಹಿಡಿಯುವಾಗ ಎರಡು ಸಲ ತಡವರಿಸಿದಳು. ಮತ್ತೆ ಅದೇ ಉತ್ತರ ಬಂತು.

ಯಜಮಾನರು ಅದನ್ನು ಅಚ್ಚಾದ ಹಾಳೆಯ ಪಕ್ಕ ಇಟ್ಟು ಅಂಕಿ ಅಂಕಿಯಾಗಿ ಹೋಲಿಸಿದರು. ಆಮೇಲೆ ಪೆನ್ನನ್ನು ಅವಳತ್ತ ತಳ್ಳಿದರು. "ತಿದ್ದು. ಮತ್ತೆ ಸಹಿ ಹಾಕು. ನಾಳೆ ಬೇಗ ಬಾ." ಒಳಗೆ ಹೋಗುತ್ತಿದ್ದವರು ತಿರುಗಿ ನಿಂತರು. "ಅಲ್ಲಮ್ಮ, ಆ ಹಳೇ ಪರೀಕ್ಷೆ ನಂಬಿ ಇಲ್ಲೀವರೆಗೆ ಎಷ್ಟು ಪುಟ ಬಿಟ್ಟಿದ್ದೀಯ?"

"ಆರು ವರ್ಷದಿಂದ ಅದೇ ಸಾರ್."

ಆ ಪುಟಗಳೆಲ್ಲ ಎಂದೋ ಊರೂರು ಸೇರಿದ್ದವು. ಅವುಗಳಲ್ಲಿ ಎಷ್ಟು ಸಂಖ್ಯೆಗಳು ತಪ್ಪಾಗಿವೆ ಎಂಬುದು ಕರಡಕ್ಕನಿಗೆ ಗೊತ್ತಿಲ್ಲ. ಈ ಕತೆ ಹೇಳಿದವರಿಗೂ ಗೊತ್ತಿಲ್ಲ.