ಗುರುವನ ಗಾಜು

ಬಸ್ರೂರಿನ ಹಂಚಿನ ಕಾರ್ಖಾನೆಯಲ್ಲಿ ರೈಟರಾಗಿದ್ದ ಚಂದಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ತಪ್ಪು ತನ್ನದಾಗಿದ್ದರೆ ಅದು ಇನ್ನೂ ಬೇಗ ಬರುತ್ತಿತ್ತು.

ಯುದ್ಧ ಮುಗಿದ ಮರುವರ್ಷ, ನವರಾತ್ರಿಯ ರಜೆ. ಚಂದಯ್ಯ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಅಂಗಳದ ತುದಿಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐದು ವರ್ಷದ ಹುಡುಗಿಯೊಂದು ಅವಳ ಸೆರಗು ಹಿಡಿದುಕೊಂಡಿತ್ತು.

"ಹ್ವಾಯ್, ಅಯ್ಯ ಇದ್ರಾ?"

"ಕಾಣ್ತಿಲ್ಯಾ, ಇಲ್ಲೇ ಇದ್ದೆ. ಯಾರ್ ನೀನ್?"

"ನಾನ್ ಅಕ್ಕು, ತೆಕ್ಕಟ್ಟೆಯಿಂದ ಬಂದದ್ದ್. ನಿಮ್ ಕಾರ್ಖಾನೆಂಗೆ ದೋಣಿಗೆ ಹಂಚ್ ಹೊರ್ತಿದ್ರಲ್ದಾ, ಕಾಲಿಗೆ ಹಂಚಿನ ರಾಶಿ ಬಿದ್ದವ್ರ್. ಅವ್ರ ಹೆಂಡ್ತಿ."

ಗಂಡನ ಹೆಸರು ಅವಳು ಹೇಳುವಂತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗುರುವ. ಎಡಗಾಲಿನ ಹೆಬ್ಬೆರಳು ಜಜ್ಜಿ, ಉಗುರು ಮತ್ತೆ ಬಾರದ ಗುರುವ. ಆರು ವರ್ಷದ ಹಿಂದೆ ಬೊಂಬಾಯಿಗೆ ಹೋದ. ಎರಡು ವರ್ಷದ ಹಿಂದೆ ಅಲ್ಲಿಯ ಬಂದರಿನಲ್ಲಿ ಹಡಗು ಸಿಡಿದಾಗ ಹೋದವನು ಹೋದನೇ. ಸುಡುವುದಕ್ಕೆ ಹೆಣವೂ ಸಿಗಲಿಲ್ಲ.

ಅಕ್ಕು ಮಡಿಲಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಪಟವಿತ್ತು. ಅದನ್ನು ತೆಗೆದದ್ದು ಚಂದಯ್ಯನೇ. ಗುರುವ ಬೊಂಬಾಯಿಗೆ ಹೊರಡುವ ಹಿಂದಿನ ವಾರ ಅವನನ್ನು ಹಂಚಿನ ಅಟ್ಟಿಯ ಮುಂದೆ ನಿಲ್ಲಿಸಿ ತೆಗೆದಿದ್ದ. ಈಗ ಅದರಲ್ಲಿ ಅಟ್ಟಿಯೂ ಇಲ್ಲ, ಗುರುವನೂ ಇಲ್ಲ. ಅರಸಿನದ ನೀರು ಚೆಲ್ಲಿದ ಹಾಗೆ ಒಂದು ಹಳದಿ ಕಲೆ, ಅಷ್ಟೆ.

"ಇದ್ ಹೀಂಗಾಯ್ತ್ ಅಯ್ಯ. ದಶಮಿಗೆ ಈ ಸರಸನ್ ಶಾಲೆಗೆ ಸೇರ್ಸುದ್. ಸೇರು ಮುಂಚೆ ಅಪ್ಪಯ್ಯನ ಕಾಲ್ ಹಿಡ್ಕ್ ಅಲ್ದಾ? ಅವ್ಳ್ ಹೊಟ್ಟೆಂಗಿರುವಾಗ ಹೋದವ್ರ್. ಮೋರೆ ಕಂಡದ್ದಿಲ್ಲೆ. ಇನ್ನೊಂದ್ ಪಟ ಮಾಡಿಕೊಡಿ."

ಚಂದಯ್ಯ ಸುಣ್ಣ ಹಚ್ಚಿದ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡ.

ಪಟ ತೆಗೆಯುವುದು ಅವನಿಗೆ ಶೋಕಿ. ಕಾರ್ಖಾನೆಯ ಹಳೆಯ ಮೇನೇಜರು ಊರಿಗೆ ಹೋಗುವಾಗ ಕ್ಯಾಮೆರಾ, ಒಂದು ಪೆಟ್ಟಿಗೆ ಗಾಜಿನ ಪ್ಲೇಟು, ಕಾಗದ, ಹೈಪೋ ಎಲ್ಲ ಇವನಿಗೆ ಬಿಟ್ಟು ಹೋಗಿದ್ದರು. ತೆಗೆಯುವುದೂ ಬಿಸಿಲಲ್ಲಿಟ್ಟ ಕಾಗದದ ಮೇಲೆ ಮೋರೆ ಮೂಡುವುದನ್ನು ನೋಡುವುದೂ ಅವನಿಗೆ ಇಷ್ಟ. ಅದರ ಮುಂದಿನದು ಬೇಜಾರು. ಮೂಡಿದ ಪಟ ನಿಲ್ಲಲು ಅದನ್ನು ಹೈಪೋ ಎಂಬ ಉಪ್ಪಿನ ನೀರಿನಲ್ಲಿ ನೆನೆಸಿ, ಆ ಹೈಪೋ ಪೂರ್ತಿ ಬಿಡುವ ತನಕ ಹನ್ನೆರಡು ಸಲ ನೀರು ಬದಲಿಸಿ ತೊಳೆಯಬೇಕು, ಇಲ್ಲದಿದ್ದರೆ ಐದಾರು ವರ್ಷಕ್ಕೆ ಹಳದಿಯಾಗಿ ಮಾಸುತ್ತದೆ ಎಂದು ಮೇನೇಜರು ಬಾಯಿ ನೋಯುವಷ್ಟು ಹೇಳಿದ್ದರು. ಹನ್ನೆರಡು ಕೊಡಪಾನ ನೀರು ಸೇದುವವರು ಯಾರು? ಗುರುವನ ಪಟವನ್ನು ಚಂದಯ್ಯ ಎರಡು ಸಲ ಮುಳುಗಿಸಿ ಹಗ್ಗಕ್ಕೆ ಸಿಕ್ಕಿಸಿದ್ದ.

ಪಟ ಹೋದರೇನು, ಅದನ್ನು ತೆಗೆದ ಗಾಜಿನ ಪ್ಲೇಟು ಇದ್ದರೆ ಸಾಕಿತ್ತು, ಅದರಿಂದ ಎಷ್ಟು ಪಟ ಬೇಕಾದರೂ ಆಗುತ್ತದೆ. ಆದರೆ ಯುದ್ಧದ ಕಾಲದಲ್ಲಿ ಗಾಜು ಸಿಗುತ್ತಿರಲಿಲ್ಲ. ತನ್ನ ಪಟಕ್ಕೆ ಕಟ್ಟು ಹಾಕಿಸಲು ಚಂದಯ್ಯನಿಗೆ ಗಾಜು ಬೇಕಾಯಿತು. ಪೆಟ್ಟಿಗೆಯ ಪ್ಲೇಟುಗಳಲ್ಲಿ ಗೀರು, ಗುಳ್ಳೆ ಇಲ್ಲದ್ದು ಗುರುವನದೊಂದೇ. ಅದರ ಮೇಲೆ ಬಿಂಬ ಹಿಡಿದಿದ್ದ ಮದ್ದನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಹೆರೆದು ಬಚ್ಚ ಆಚಾರಿಗೆ ಕೊಟ್ಟಿದ್ದ.

"ಇದ್ರಂಗೆ ಯಾರೋ ಇದ್ರಲೆ ಅಯ್ಯ? ನಾಳೆ ಬೇಕಂದ್ರೆ?" ಎಂದು ಹೆರೆಯುವ ಮೊದಲೇ ಬಚ್ಚ ಕೇಳಿದ್ದ.

"ನಾನೆಂತ ಸ್ಟುಡಿಯೋ ಇಟ್ಕಂಡಿದ್ನಾ? ನನ್ ಕುಶಿಗೆ ತೆಗ್ದದ್ದ್. ನೂರ್ ವರ್ಷ ಇಟ್ಟ್ ಪೂಜೆ ಮಾಡುಕಾ?" ಎಂದು ಚಂದಯ್ಯ ಹಾರಾಡಿದ್ದ.

ಈಗ ಆ ಗಾಜು ಅವನ ಬೆನ್ನ ಹಿಂದಿನ ಗೋಡೆಯಲ್ಲಿ, ಅವನದೇ ಪಟದ ಮೇಲಿತ್ತು.

ಇದನ್ನು ಹೇಳಬಹುದಿತ್ತು. ಚಂದಯ್ಯ ಹೇಳಿದ್ದು ಬೇರೆ.

"ಎಲ್ಲಿ ತೂಗ್ಹಾಕಿದ್ದೆ ಇದನ್?" ಎಂದು ಗದರಿದ.

"ಮನೆ ಒಳ್ಗೆ, ಒಲಿ ಬದಿಯ ಗೋಡೆಗೆ."

"ಮತ್ತೆ! ಒಲಿ ಹೊಗಿ ತಿಂದ್ರೆ ಉಳಿತಾ? ಬುದ್ಧಿ ಬ್ಯಾಡ್ದಾ? ಪಟ ಅಂದ್ರೆ ಎಂತ, ಒಣಮೀನಾ?"

ಅಕ್ಕು ವಾದ ಮಾಡಲಿಲ್ಲ. ಪಟವನ್ನೇ ನೋಡುತ್ತ, "ಹೌದ್ ಅಯ್ಯ. ನಂಗೆ ಗೊತ್ತಾಯ್ಲ. ನಾನೇ ಸುಟ್ಟಂಗಾಯ್ತ್ ಅವ್ರನ್" ಎಂದಳು. ಸೆರಗಿನಿಂದ ಕಣ್ಣು ಒರೆಸಲಿಲ್ಲ. ಪಟದ ಮೇಲೆ ಕೂತಿದ್ದ ಧೂಳು ಒರೆಸಿದಳು.

ಒಳಗಿನಿಂದ ಚಂದಯ್ಯನ ಹೆಂಡತಿ ಸುಗುಣ ಬೆಲ್ಲ ನೀರು ತಂದವಳು ಬಾಗಿಲಲ್ಲೇ ನಿಂತಳು. ಸರಸ ಮಾತ್ರ ಗೋಡೆಯನ್ನು ನೋಡುತ್ತಿತ್ತು. ಅಲ್ಲಿ ಚಂದಯ್ಯ ಕೋಟು ಹಾಕಿಕೊಂಡು, ಮೀಸೆ ತಿರುವಿಕೊಂಡು, ನಿನ್ನೆ ತೆಗೆದ ಹಾಗೆ ಕಪ್ಪಗೆ ಬೆಳ್ಳಗೆ ಕೂತಿದ್ದ.

"ಅಮ್ಮಾ, ಇವ್ರ್ ಎಂತಕೆ ಹಳ್ದಿ ಆಯ್ಲ? ಇವ್ರ ಮನಿಯಂಗೆ ಒಲಿ ಇಲ್ಯಾ?"

"ಸುಮ್ನಿರ್ ಹೆಣ್ಣೇ!" ಎಂದು ಅಕ್ಕು ಹುಡುಗಿಯ ಬಾಯಿ ಮುಚ್ಚಿದಳು.

"ಒಲಿ ಇತ್ತ್ ಮಗಾ," ಎಂದಳು ಸುಗುಣ, ಗಂಡನನ್ನು ನೋಡುತ್ತ. "ಈ ಪಟಕ್ಕೆ ನೀರ್ ಸೇದಿದ್ದ್ ನಾನ್. ಹನ್ನೆರ್ಡ್ ಕೊಡಪಾನ. ಕೈ ಬೊಬ್ಬೆ ಎದ್ದಿತ್ತ್."

ಎರಡೂ ಪಟ ಒಂದೇ ವಾರ, ಒಂದೇ ಪೆಟ್ಟಿಗೆಯ ಕಾಗದದಲ್ಲಿ ಮಾಡಿದ್ದು. ತನ್ನದಕ್ಕೆ ಹನ್ನೆರಡು ನೀರು, ಗುರುವನಿಗೆ ಎರಡು. ಚಂದಯ್ಯನ ಬಾಯಿಗೆ ಒಂದು ಬೈಗುಳ ಬಂತು. ಯಾರಿಗೆ ಬೈಯುವುದೆಂದು ತಿಳಿಯದೆ ಅದು ಅಲ್ಲೇ ನಿಂತಿತು. ಅವನು ಅಂಗಳದ ಬದಿಗೆ ಹೋಗಿ ಎಲೆ ಉಗಿದು ಬಂದ.

"ಒಲಿ ಹೊಗಿ ಅಲ್ಲ ಅಕ್ಕು. ನಾನ್ ಸುಳ್ಳ್ ಹೇಳ್ದೆ. ನಾನ್ ಸಮಾ ತೊಳಿಲಿಲ್ಲ, ಅದ್ಕೇ ಮಾಸಿದ್ದ್. ಇನ್ನೊಂದ್ ಮಾಡುವ ಅಂದ್ರೆ ಪ್ಲೇಟೂ ಇಲ್ಲೆ. ಹೆರ್ದ್ ಹಾಕಿದೆ. ಆ ಗಾಜೇ ಅದ್, ಕಾಣ್." ಗೋಡೆಯ ಕಡೆ ಕೈ ತೋರಿಸಿದ.

ಅವಳು ಬೈಯಲಿ ಎಂದು ಕಾದ. ಬೈದರೆ ತಿರುಗಿ ಬೈಯಬಹುದಿತ್ತು. ಅಕ್ಕು ಗೋಡೆಯನ್ನು ನೋಡಿದಳು, ಅವನನ್ನು ನೋಡಿದಳು.

"ಅದ್ರ ಮೇಲಿದ್ರಾ ಅವ್ರ್? ಒಂಚೂರೂ ಉಳೀಲ್ಯಾ ಅಯ್ಯ?"

ಆಗ ಚಂದಯ್ಯನಿಗೆ ಬಚ್ಚ ಹೇಳಿದ ಇನ್ನೊಂದು ಮಾತು ನೆನಪಾಯಿತು. ಅಂದು ಹೆರೆಯುತ್ತ ಹೆರೆಯುತ್ತ ಬೇಜಾರಾಗಿ ತಾನು ಕೆಳಗಿನ ಅಂಚು ಬಿಟ್ಟಿದ್ದ. "ಅದ್ ಮರದ ಒಳ್ಗೆ ಅಡಗ್ತ್, ಬಿಡಿ" ಎಂದಿದ್ದ ಬಚ್ಚ.

ಪಟವನ್ನು ಇಳಿಸಿ ಕತ್ತಿಯ ಮೊನೆಯಲ್ಲಿ ಮೊಳೆ ಕಿತ್ತ. ಗಾಜಿನ ಕೆಳಗೆ ಒಂದು ಬೆರಳಗಲದ ಕಪ್ಪು ಪಟ್ಟಿ ಉಳಿದಿತ್ತು. ಅದನ್ನು ಬಾನಿಗೆ ಹಿಡಿದು ನೋಡಿದ.

ಪೆಟ್ಟಿಗೆಯ ತಳದಲ್ಲಿ ಪಟದ ಕಾಗದದ ಚೂರುಗಳಿದ್ದವು. ಒಂದನ್ನು ಆ ಪಟ್ಟಿಗೆ ಒತ್ತಿ ಅಂಗಳದ ಬಿಸಿಲಿನಲ್ಲಿಟ್ಟ. ನಾಲ್ವರೂ ಸುತ್ತ ಕೂತರು. ಕಾಗದ ಮೆಲ್ಲ ಕಪ್ಪಾಗುತ್ತ ಬಂತು. ಎರಡು ಪಾದ ಮೂಡಿದವು, ಮಣ್ಣು ಮೆತ್ತಿದ ಬರಿಗಾಲು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ.

ಅಕ್ಕು ಬೆರಳು ಚಾಚಿದಳು, ಮುಟ್ಟಲಿಲ್ಲ. "ಅವ್ರೇ," ಎಂದಳು.

ಚಂದಯ್ಯ ಕಾಗದವನ್ನು ಹೊಸ ಹೈಪೋದಲ್ಲಿ ನೆನೆಸಿ ಬಾವಿಕಟ್ಟೆಗೆ ಹೋದ. ಸುಗುಣ ಹಗ್ಗಕ್ಕೆ ಕೈ ಹಾಕಿದರೆ ಅವಳ ಕೈ ಸರಿಸಿದ. ತಾನೇ ಸೇದಿದ, ಮರಿಗೆಗೆ ಸುರಿದ, ಚೆಲ್ಲಿದ, ಮತ್ತೆ ಸೇದಿದ. ಸರಸ ಎಣಿಸಿತು.

"ಹತ್ತ್! ಮುಗೀತಾ?"

"ಇಲ್ಲೆ. ಇನ್ನೂ ಇತ್ತ್."

"ಹತ್ತರ ಮೇಲೆ ನಂಗೆ ಬತ್ತಿಲ್ಲೆ."

"ಶಾಲಿಯಂಗೆ ಹೇಳಿಕೊಡ್ತ್ರ್," ಎಂದ ಚಂದಯ್ಯ. ಮತ್ತೆ ಎರಡಲ್ಲ, ಆರು ಕೊಡಪಾನ ಸೇದಿದ. ಆರು ವರ್ಷದ ಹಿಂದೆ ಇಷ್ಟೇ ಕೆಲಸವಿತ್ತು. ಅರ್ಧ ಹೊತ್ತಿನ ಕೆಲಸ.

ಪಟ್ಟಿ ಒಣಗಿದ ಮೇಲೆ ಅಕ್ಕು ಅದನ್ನು ಜಗಲಿಯ ಹಲಗೆಯ ಮೇಲಿಟ್ಟಳು. ದಶಮಿಯವರೆಗೆ ಕಾಯಲು ಅವಳಿಂದಾಗಲಿಲ್ಲ. "ಅಪ್ಪಯ್ಯನ ಕಾಲ್ ಹಿಡಿ ಮಗಾ" ಎಂದಳು. ಹುಡುಗಿ ಬಗ್ಗಿ ಆ ಬೆರಳಗಲದ ಕಾಗದದ ಎರಡು ಬದಿಗೆ ಎರಡು ಕೈಯಿಟ್ಟು ಹಣೆ ತಾಗಿಸಿತು. ಎದ್ದು, "ಮೋರೆ ಎಲ್ಲಿತ್ತ್?" ಎಂದು ಕೇಳಿತು.



ಅಕ್ಕು ಪಟ್ಟಿಯನ್ನೂ ಆ ಹಳದಿ ಪಟವನ್ನೂ ಒಟ್ಟಿಗೆ ಗಂಟು ಕಟ್ಟಿದಳು. ಹೊರಡುವ ಮುಂಚೆ ಮಗಳ ಬೆನ್ನು ಮೆಲ್ಲ ದೂಡಿ, "ಅಯ್ಯರ ಕಾಲೂ ಹಿಡಿ. ದೊಡ್ಡವ್ರ್, ನಮ್ಗೆ ಉಪಕಾರ ಮಾಡಿದ್ರ್" ಎಂದಳು.

ಸರಸ ಬಗ್ಗಿತು. ಜಗಲಿಯ ಅಂಚಿನಲ್ಲಿ ಕೂತಿದ್ದ ಚಂದಯ್ಯ ಎರಡೂ ಕಾಲನ್ನು ಮೇಲೆ ಎಳೆದುಕೊಂಡು, ಪಂಚೆಯೊಳಗೆ ಮುಚ್ಚಿಕೊಂಡ.