ಹೂಂ ಅನ್ನಜ್ಜಿ

"ಒಂದಾನೊಂದು ಕಾಲದಲ್ಲಿ ಬೆಟ್ಟಗಳಾಚೆಯ ಊರಿಗೆ ಹೊರಟ ರಾಣಿ ಇದ್ದಳಂತೆ. ಹೂಂ ಅನ್ನಜ್ಜಿ."

"ಹೂಂ."

ಆಂಬ್ಯುಲೆನ್ಸು ಅರಕಲಗೂಡು ದಾಟಿತ್ತು. ಮಧ್ಯಾಹ್ನ ಹುಲ್ಲಿನ ಮೆದೆಯ ಹತ್ತಿರ ಅಜ್ಜಿಗೆ ನಾಗರಹಾವು ಕಚ್ಚಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷಕ್ಕೆ ಔಷಧಿ ಏರಿಸಿ, ಉಸಿರಾಟದ ಮೆಷಿನ್ನು ಬೇಕಾಗಬಹುದೆಂದು ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದ್ದರು.

"ಮಾತಾಡಿಸ್ತಾನೇ ಇರಿ. ಮಾತು ತೊದಲಿದ್ರೆ ಹೇಳಿ," ಎಂದಿದ್ದರು ಜೊತೆಗಿದ್ದ ನರ್ಸ್ ಶಾಂತಿ. ಹಾಸನದವರೆಗೂ ಕಥೆ ನಿಲ್ಲಿಸಲ್ಲ ಎಂದು ಮಾತು ಕೊಟ್ಟಿದ್ದೆ. ಚಿಕ್ಕಂದಿನಿಂದ ಕಥೆ ಹೇಳುತ್ತಿದ್ದವಳು ಅಜ್ಜಿ, ಹೂಂಗುಟ್ಟುತ್ತಿದ್ದವಳು ನಾನು. ನನ್ನ ಹೂಂ ನಿಂತರೆ ಅವಳ ಕಥೆಯೂ ನಿಲ್ಲುತ್ತಿತ್ತು.

"ನಮ್ಮತ್ತೇನೂ ಆ ದೊಡ್ಡಾಸ್ಪತ್ರೆಗೇ ಗಾಡೀಲಿ ಒಯ್ದಿದ್ರು ಕಣವ್ವ. ದಾರೀಲೇ ಓಗ್ಬುಟ್ರು," ಎಂದಳು ಅಜ್ಜಿ. ಅವಳ ರೆಪ್ಪೆಗಳು ಜೋತುಬೀಳುತ್ತಿದ್ದವು.

"ಆ ಕಥೆ ಬ್ಯಾಡಜ್ಜಿ. ನನ್ನ ರಾಣಿ ಬೆಟ್ಟ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು..." ಮುಂದೇನೂ ಹೊಳೆಯಲಿಲ್ಲ.

"ಅದೇ ಬೆಟ್ಟನ ಎಷ್ಟ್ ಸಲ ಅತ್ತುಸ್ತೀಯೆ," ಎನ್ನುವಾಗ ಅವಳ ನಾಲಿಗೆ ತೊದಲಿತು.

"ಸಿಸ್ಟರ್, ತೊದಲ್ತಿದ್ದಾಳೆ."

ಆಮೇಲೆ ಹೂಂ ಬರಲೇ ಇಲ್ಲ. ಶಾಂತಿ ಅಜ್ಜಿಯ ಮುಖಕ್ಕೆ ಮಾಸ್ಕ್ ಹಿಡಿದು, ಅದಕ್ಕೆ ಜೋಡಿಸಿದ ಚೀಲ ಒತ್ತುತ್ತಾ ಗಾಳಿ ಕೊಡತೊಡಗಿದರು.

"ಕಣ್ಣು ಬಿಡೋಕಾಗದಿದ್ರೂ ಕಿವಿ ಕೇಳ್ತಿರುತ್ತೆ. ನಿಲ್ಲಿಸ್ಬೇಡಿ," ಎಂದರು.

ನಾನು ಹೇಳಿದೆ. ರಾಣಿಗೆ ಮುಳ್ಳು ಚುಚ್ಚಿತು, ಹೂಂ. ದಾರಿ ತಪ್ಪಿತು, ಹೂಂ. ಅಜ್ಜಿಯ ಹೂಂಗಳನ್ನೂ ನಾನೇ ಅಂದೆ. ನನಗೆ ಅಳು ಬಂದಾಗ ರಾಣಿ ಅತ್ತಳು ಎಂದೆ.

ಹಾಸನದಲ್ಲಿ ಸ್ಟ್ರೆಚರ್ ಜೊತೆ ಒಳಗೆ ಓಡುತ್ತಲೂ ಹೇಳುತ್ತಿದ್ದೆ. ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ಮೆಷಿನ್ನಿಗೆ ಜೋಡಿಸಿದರು. ಮೆಷಿನ್ನಿನ ಉಸಿರಿಗೆ ಅಜ್ಜಿಯ ಎದೆ ಏರಿತು, ಇಳಿಯಿತು.

"ರಾಣಿ ಊರು ಸೇರಿದಳು," ಎಂದೆ ಅವಳ ಕಿವಿಯಲ್ಲಿ. "ಹೂಂ," ಎಂದವಳೂ ನಾನೇ.